ಮಗುವಿನ ತುಟಿ ಎತ್ತಿ ನೋಡಿ

(ಪೋಷಣ್ ಮಾಸದ ಅಂಗವಾಗಿ ಪಾವಗಡ ತಾಲ್ಲೂಕಿನ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಪೋಷಣ್ ಮಾಸ ಅಂದರೆ ತೂಕ, ಎತ್ತರ, ರಕ್ತಹೀನತೆ, ಮೊಟ್ಟೆ, ಸೊಪ್ಪು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ಮೊಟ್ಟೆ, ಸೊಪ್ಪು ಒಳಗೆ ಹೋಗಬೇಕಾದ್ದು ಬಾಯಿಂದ ತಾನೆ? ಎರಡು ವರ್ಷದ ಮಗುವಿಗೆ ಹಲ್ಲುನೋವು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಕಾಳು ಬೇಡ ಅನ್ನುತ್ತದೆ. ಒಂದೇ ಕಡೆ ಅಗಿಯುತ್ತದೆ. ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಸುಮ್ನೆ ಕೂರುತ್ತದೆ. ನಾವು 'ಊಟ ಸೇರಲ್ಲ' ಅಂತ ಬರೆದುಕೊಂಡು ಮುಂದೆ ಹೋಗುತ್ತೇವೆ.

ನಮ್ಮ ತಾಲ್ಲೂಕಿನಲ್ಲಿ ಹಲ್ಲಿನ ಮಾತು ತೆಗೆದರೆ ಒಂದು ಉತ್ತರ ರೆಡಿ ಇರುತ್ತದೆ: 'ನಮ್ಮೂರ ನೀರೇ ಹಂಗೆ ಮೇಡಂ.' ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಅಂಥ ನೀರಿನಿಂದ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬರುತ್ತದೆ. ಆದರೆ ಅದು ಎದ್ದು ಕಾಣುವುದು ಆರೇಳು ವರ್ಷದ ನಂತರ ಬರುವ ಶಾಶ್ವತ ಹಲ್ಲಿನಲ್ಲಿ. ಎರಡು ವರ್ಷದ ಮಗುವಿನ ಮುಂದಿನ ಹಾಲುಹಲ್ಲು ಸವೆದು ಬುಡ ಮಾತ್ರ ಉಳಿದಿದೆ ಅಂದರೆ ಅದು ಸಕ್ಕರೆಯ ಕೆಲಸ. ತಾಯಿಗೆ ಈ ವ್ಯತ್ಯಾಸ ಗೊತ್ತಾಗಲೇಬೇಕು. ಬೋರ್‌ವೆಲ್ ಬದಲಾಯಿಸುವುದು ಅವಳ ಕೈಲಿಲ್ಲ. ಸಕ್ಕರೆ ಡಬ್ಬಿ ಅವಳ ಅಡುಗೆಮನೆಯಲ್ಲೇ ಇದೆ.

ಒಬ್ಬ ತಾಯಿಯ ವಿಷಯ ಹೇಳಬೇಕು. ಹಿಂದೆ ಕೇಳಿದವರಿದ್ದರೆ ಇನ್ನೊಮ್ಮೆ ಕೇಳಿ. ಕಡಲೆಕಾಯಿ ಕೀಳುವ ಕಾಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು, ಜೊತೆಗೆ ಅತ್ತೆ. ಮೇಲಿನ ನಾಲ್ಕೂ ಹಲ್ಲು ಹುಳುಕು, ಕೆಳಗಿನವು ಚೆನ್ನಾಗಿದ್ದವು. 'ಮೇಲಿನವಕ್ಕೆ ಮಾತ್ರ ಯಾಕೆ ಹುಳ ಬಿತ್ತು?' ಅಂತ ಅತ್ತೆ ಕೇಳಿದರು. ಎಂಥ ಒಳ್ಳೆಯ ಪ್ರಶ್ನೆ! ಬಾಟಲಿ ಚೀಪುವಾಗ ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿರುತ್ತದೆ, ಅಲ್ಲಿ ಜೊಲ್ಲೂ ಜಾಸ್ತಿ. ಮೇಲಿನ ಹಲ್ಲಿನ ಸುತ್ತ ಸಿಹಿ ಹಾಲು ನಿಂತುಬಿಡುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಗಾಗಿ ಬೆಳಗಿನವರೆಗೂ ಅದನ್ನು ತೊಳೆಯಲು ಏನೂ ಇಲ್ಲ.

'ಸಕ್ಕರೆ ಎಷ್ಟು ಹಾಕ್ತೀಯಮ್ಮ?' ಅಂದೆ. 'ಒಂದೇ ಚಮಚ ಮೇಡಂ.' ಅವಳು ಸುಳ್ಳು ಹೇಳಲಿಲ್ಲ. ಆಮೇಲೆ ಮಗುವಿನ ದಿನ ಹೇಗೆ ಹೋಗುತ್ತದೆ ಅಂತ ಕೇಳಿದೆ. ಎದ್ದ ಕೂಡಲೇ ಟೀಯಲ್ಲಿ ಅದ್ದಿದ ಬಿಸ್ಕತ್ತು. ಹೊಲಕ್ಕೆ ಹೊರಡುವಾಗ ಕೈಗೊಂದು ಐದು ರೂಪಾಯಿ ಪ್ಯಾಕೆಟ್ಟು. ಮರದ ಕೆಳಗೆ ಸೀರೆ ಜೋಲಿಯಲ್ಲಿ ಬಾಟಲಿ. ಅತ್ತರೆ ಬೆಲ್ಲದ ಚೂರು. ಸಂಜೆ ಅಪ್ಪ ತರುವ ಚಾಕೊಲೇಟು. ರಾತ್ರಿ ಎರಡು ಸಲ ಮತ್ತೆ ಬಾಟಲಿ. ಅತ್ತೆ ಬೆರಳು ಮಡಿಸುತ್ತಾ ಬಂದರು. ಒಂದು ಕೈ ಮುಗಿಯಿತು, ಇನ್ನೊಂದು ಕೈ ತೆಗೆದರು. ಆಮೇಲೆ ಸೊಸೆಯ ಕಡೆ ತಿರುಗಿ, 'ನಮ್ಮನೆಗೆ ಬರೋ ನೆಂಟ್ರೂ ಇಷ್ಟು ಸಲ ತಿನ್ನಲ್ಲ ಕಣೆ' ಅಂದರು. ಇಬ್ಬರೂ ನಕ್ಕರು. ನಾನು ಒಂದು ಗಂಟೆ ಮಾತಾಡಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಎಷ್ಟು ಅಂತ ಕೇಳಬೇಡಿ, ಎಷ್ಟು ಸಲ ಅಂತ ಕೇಳಿ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಜೊಲ್ಲು ಅದನ್ನು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಂದರೆ ಹಲ್ಲಿಗೆ ಬಿಡುವೆಲ್ಲಿ? ಹಬ್ಬದ ದಿನ ಊಟದ ಜೊತೆ ಒಂದು ಹೋಳಿಗೆ ತಿನ್ನಲಿ, ಬೇಡ ಅನ್ನುವುದಿಲ್ಲ. ಬೆಲ್ಲ, ಜೇನುತುಪ್ಪ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಹಲ್ಲಿಗೆ ಅವೂ ಸಕ್ಕರೆಯೇ. ಒಂದು ವರ್ಷದೊಳಗಿನ ಮಗುವಿಗಂತೂ ಜೇನುತುಪ್ಪ ನೆಕ್ಕಿಸಲೇಬಾರದು.

'ಬಿದ್ದು ಹೋಗೋ ಹಲ್ಲು ತಾನೆ' ಅನ್ನುವವರಿಗೆ ಇಷ್ಟು ಹೇಳಿ. ಹಾಲಿನ ದವಡೆ ಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕು. ಅಲ್ಲಿಯವರೆಗೆ ಮಗು ಯಾವುದರಲ್ಲಿ ಅಗಿಯಬೇಕು?

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ತೂಕ ನೋಡುವ ದಿನ ತಾಯಿಯ ಎದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತುಕೊಳ್ಳಿ. ಮಗುವಿನ ತಲೆ ನಿಮ್ಮ ತೊಡೆಯ ಮೇಲೆ, ಕಾಲು ತಾಯಿಯ ಕಡೆ. ಬೆರಳಿಂದ ಮೇಲಿನ ತುಟಿ ಎತ್ತಿ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಶುರು. ಆ ಹಂತದಲ್ಲಿ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ತೂತು ಬಿದ್ದ ಮೇಲೆ ತಾನಾಗಿ ಮುಚ್ಚುವುದಿಲ್ಲ. ಆ ಗೆರೆಯನ್ನು ತಾಯಿಗೂ ತೋರಿಸಿ. ದಯವಿಟ್ಟು ಬೈಯಬೇಡಿ. ಬೈಸಿಕೊಂಡ ತಾಯಿ ಮುಂದಿನ ತಿಂಗಳು ಬರುವುದಿಲ್ಲ. ದಿನವಿಡೀ ಕೂಲಿ ಮಾಡಿ ಬಂದವಳು, ಮಗು ಅಳದೆ ಮಲಗಲಿ ಅಂತ ಬಾಟಲಿ ಕೊಟ್ಟಿದ್ದಾಳೆ. ಒಂದೇ ಒಂದು ಬದಲಾವಣೆ ಕೇಳಿ: ರಾತ್ರಿ ಬಾಟಲಿ. ಅದನ್ನೂ ಒಂದೇ ದಿನಕ್ಕೆ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇರಲ್ಲ. ಸಕ್ಕರೆ ಕಡಿಮೆ ಮಾಡುತ್ತಾ ಬರಲಿ, ಆಮೇಲೆ ಬಾಟಲಿಯಲ್ಲಿ ಬರೀ ನೀರು, ಹಾಲು ಲೋಟದಲ್ಲಿ.

ಎದೆಹಾಲು ಬಿಡಿಸಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಎರಡು ವರ್ಷ, ಅದರಾಚೆಗೂ ಕುಡಿಸಲಿ. ಹಲ್ಲು ಬಂದ ಮೇಲೆ ಮಲಗುವ ಮುಂಚೆ ಉಜ್ಜಿದರಾಯಿತು.

ತಿನ್ನಲು ಏನು ಕೊಡೋದು ಅಂತ ಕೇಳುತ್ತಾರೆ. ನಮ್ಮ ರಾಗಿ ಇದೆಯಲ್ಲ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು ಅಷ್ಟೇ. ಮೊಳಕೆ ಕಟ್ಟಿದ ರಾಗಿಯ ಸರಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಕಡಲೆಬೀಜ ಹುರಿದು ಪುಡಿ ಮಾಡಿ ಅನ್ನಕ್ಕೆ ಕಲಸಿ. ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಟೀ ಬೇಡವೇ ಬೇಡ, ಊಟದಲ್ಲಿನ ಕಬ್ಬಿಣದಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ.

ಐದು ನಿಮಿಷ ಅಂತ ಚೀಟಿ ಬಂದಿದೆ. ಬೇಗ ಹೇಳಿಬಿಡುತ್ತೇನೆ. ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಫ್ಲೋರೈಡ್ ಇರುವ ಪೇಸ್ಟೇ ಇರಲಿ. ಬ್ರಶ್ಶಿಗೆ ಹಚ್ಚುವುದು, ಉಜ್ಜುವುದು ದೊಡ್ಡವರೇ. ನಮ್ಮ ಕಡೆ ನೀರಿನಲ್ಲೇ ಫ್ಲೋರೈಡ್ ಜಾಸ್ತಿ, ಹಾಗಾಗಿ ಮಗು ಪೇಸ್ಟು ನುಂಗದ ಹಾಗೆ ಇನ್ನೂ ಜೋಪಾನ. ಕುಡಿಯಲು, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರು. ಇದ್ದಿಲು, ಇಟ್ಟಿಗೆ ಪುಡಿ ಬೇಡ.

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬಂದಾಗ ಹಲ್ಲನ್ನೂ ತೋರಿಸಿ. ಕೊರೆಯದೆ ಸುಮ್ನೆ ಹಚ್ಚಿ ಹುಳುಕು ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಔಷಧ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಮೇಲೆ ಹುಳುಕು ಜಾಗ ಕಪ್ಪಾಗುತ್ತದೆ. ತಾಯಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ಗಾಬರಿಯಾಗುತ್ತಾಳೆ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಸಂತೆ, ಹಬ್ಬ ಅಂತ ಕಾಯಬೇಡಿ, ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ.