ಹೆಸರಿನ ಮೇಲೆ ಮಾರಾಟವಾಗುವ ಚಿತ್ರಕಥೆಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಯನ್ನು ಕೊಳ್ಳುವವರು ಅದನ್ನು ಮಾಡಿದ ಚಿತ್ರಗಾರರ ಹೆಸರನ್ನು ವಿಚಾರಿಸುವುದು ಅಪರೂಪ. ಊರಿನ ಹೆಸರೇ ಅಲ್ಲಿ ಮಾಲಿಗೆ ಮುದ್ರೆ. ನಮ್ಮ ಚಿತ್ರಕಥೆಗಳೂ, ಅಂದರೆ ಕಾಮಿಕ್ಸ್ ಪುಸ್ತಕಗಳೂ, ಬಹುಕಾಲ ಹೀಗೆಯೇ ಮಾರಾಟವಾದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯನ್ನು ಜನರು ಮಾಲೆಯ ಹೆಸರು ನೋಡಿ ಕೊಂಡರೇ ಹೊರತು, 'ಕೃಷ್ಣ'ನಿಗೆ ಚಿತ್ರ ಬರೆದವರು ರಾಮ್ ವಾಯೀರ್ಕರ್ ಎಂದು ತಿಳಿದು ಕೊಳ್ಳಲಿಲ್ಲ. ಮುಂದೆ 'ಅಂಕಲ್ ಪೈ' ಎಂಬ ಹೆಸರು ಮನೆಮಾತಾಯಿತು. ಅದು ಚಿತ್ರಕಾರರ ಕೀರ್ತಿಯಲ್ಲ, ಸಂಪಾದಕರ ಕೀರ್ತಿ; ಓದುವವರು ಮಕ್ಕಳಾದರೂ ದುಡ್ಡು ಕೊಡುವವರು ಹಿರಿಯರಾದ್ದರಿಂದ ಸಂಪಾದಕರ ಹೆಸರು ಕೊಡುವ ಭರವಸೆಗೆ ಬೆಲೆಯಿತ್ತು. 'ಚಾಚಾ ಚೌಧರಿ' ಎಂಬ ಚಿತ್ರಕಥೆಯ ಮುಖಪುಟದಲ್ಲಿ ಮಾತ್ರ ಅದರ ಚಿತ್ರಕಾರ ಪ್ರಾಣ್ ಅವರ ಹೆಸರು ಎದ್ದು ಕಾಣುತ್ತಿತ್ತು.

ಅಮೆರಿಕದಲ್ಲಿ ಕಲಾವಿದರ ಹೆಸರೇ ಸರಕಾಯಿತು. 1970ರಲ್ಲಿ ಚಿತ್ರಕಾರ ಜ್ಯಾಕ್ ಕರ್ಬಿ ಅವರು ಮಾರ್ವೆಲ್ ಪ್ರಕಾಶನವನ್ನು ಬಿಟ್ಟು ಅದರ ಪ್ರತಿಸ್ಪರ್ಧಿ ಡಿ.ಸಿ. ಸೇರಿದಾಗ, ಹೊಸ ಪ್ರಕಾಶಕರು ಕಥೆಯ ಸುಳಿವು ಕೊಡುವುದಕ್ಕೂ ಮೊದಲು 'ಕರ್ಬಿ ಬರುತ್ತಿದ್ದಾರೆ' ಎಂದೇ ಸಾರಿದರು. ಆದರೂ ಅವರ 'ನ್ಯೂ ಗಾಡ್ಸ್' ಮಾಲೆ 1972ರಲ್ಲಿಯೇ ನಿಂತಿತು. ಹೆಸರು ಮೊದಲ ಸಂಚಿಕೆಯನ್ನು ಕೊಳ್ಳಿಸುತ್ತದೆ, ಹತ್ತನೆಯದನ್ನು ಕೊಳ್ಳಿಸುವ ಕೆಲಸ ಕಥೆಯದು. 1991ರಲ್ಲಿ ಜಿಮ್ ಲೀ ಚಿತ್ರಿಸಿದ, ಮಾರ್ವೆಲ್‌ನ ಹೊಸ 'ಎಕ್ಸ್-ಮೆನ್' ಮಾಲೆಯ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಹೋಯಿತು ನಿಜ. ಆದರೆ ಅದಕ್ಕೆ ಐದು ಬಗೆಯ ಮುಖಪುಟಗಳಿದ್ದು, ಒಬ್ಬರೇ ಹಲವು ಪ್ರತಿ ಕೊಂಡುದರಿಂದ, ಆ ಲೆಕ್ಕವನ್ನೆಲ್ಲ ಲೀ ಅವರ ಕೀರ್ತಿಯ ಖಾತೆಗೇ ಬರೆಯುವುದು ಸರಿಯಲ್ಲ. ಮರುವರ್ಷ ಲೀ, ಟಾಡ್ ಮ್ಯಾಕ್‌ಫಾರ್ಲೇನ್ ಮೊದಲಾದ ಏಳು ಮಂದಿ ತಮ್ಮದೇ 'ಇಮೇಜ್' ಸಂಸ್ಥೆ ಕಟ್ಟಿದಾಗ, ಓದುಗರು ಹಳೆಯ ನಾಯಕರನ್ನು ಬಿಟ್ಟು ಈ ಕೈಗಳ ಹಿಂದೆ ಬಂದರು.

ಇದರ ಗುಟ್ಟು ವ್ಯಾಪಾರದ ಕ್ರಮದಲ್ಲಿದೆ. ಅಲ್ಲಿನ ಚಿತ್ರಕಥೆಯ ಅಂಗಡಿಯವರು ಪುಸ್ತಕ ಅಚ್ಚಾಗುವ ಮೊದಲೇ ಇಷ್ಟು ಪ್ರತಿ ಬೇಕೆಂದು ತಿಳಿಸಬೇಕು, ಉಳಿದುದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಕಣ್ಣಿಗೆ ಕಾಣದ ಪುಸ್ತಕಕ್ಕೆ ಹಣ ಹೂಡುವವರಿಗೆ ಬರೆದವರ ಹೆಸರೇ ದೊಡ್ಡ ಆಧಾರ. ಇಮೇಜ್‌ನ ಕೆಲವು ಪುಸ್ತಕಗಳು ತಿಂಗಳುಗಟ್ಟಲೆ ತಡವಾದಾಗ, ಹೆಸರನ್ನು ನಂಬಿದ ಆ ಅಂಗಡಿಗಳ ಬಂಡವಾಳವೇ ಸಿಕ್ಕಿಕೊಂಡಿತು. ನಮ್ಮ ಬಸ್ ನಿಲ್ದಾಣದ ಅಂಗಡಿಯವರಾದರೋ ಮಾರಾಟವಾಗದ ಮಾಸಪತ್ರಿಕೆಗಳನ್ನು ಕಟ್ಟು ಕಟ್ಟಿ ಏಜೆಂಟರಿಗೆ ಮರಳಿಸುತ್ತಾರೆ. ಒಳಗೆ ಚಿತ್ರ ಬರೆದವರು ಯಾರೆಂದು ತಿಳಿಯುವ ಅಗತ್ಯ ಅವರಿಗೆ ಎಂದೂ ಬಿದ್ದಿಲ್ಲ.