ಕೂದಲು ದಾನ ಮಾಡ್ತೀರಾ? ಕತ್ತರಿಗಿಂತ ಮೊದಲು ರಬ್ಬರ್ ಬ್ಯಾಂಡ್

[ಕ್ಯಾಮೆರಾ ಎದುರು. ತಲೆಯಲ್ಲಿ ಮೋಟು ಕೂದಲು, ಕೈಯಲ್ಲಿ ನಾಲ್ಕು ಜುಟ್ಟು]

ನಮಸ್ಕಾರ. ಗಂಡಸು ಕೂದಲು ಬಿಟ್ಟರೆ ನಮ್ಮ ಕಡೆ ಎರಡೇ ಪ್ರಶ್ನೆ. "ಯಾವ ದೇವರ ಹರಕೆ?" ಇಲ್ಲದಿದ್ದರೆ "ಕೆಲಸ ಹೋಯ್ತಾ?" ಕ್ಯಾನ್ಸರ್ ಆದವರ ವಿಗ್‌ಗೆ ಕೊಡ್ತೀನಿ ಅಂದಾಗ ನಮ್ಮ ಸೋದರತ್ತೆ, "ಒಳ್ಳೇದೇ ಕಣೋ, ಆದ್ರೆ ಮದುವೆ ಮನೆಗೆ ಗಂಟು ಕಟ್ಕೊಂಡು ಬಾ" ಅಂದರು.

ಇದು ನನ್ನ ಎರಡನೇ ಸಲ. ಮೊದಲ ಸಲದ್ದು ಪೂರ್ತಿ ದಂಡ. ಸಲೂನಿನಲ್ಲಿ ಮಾಮೂಲಿನ ಹಾಗೆ ಕತ್ತರಿಸಿದರು, ಕೂದಲೆಲ್ಲ ನೆಲಕ್ಕೆ ಬಿತ್ತು. ಗುಡಿಸಿ ಕವರಿಗೆ ತುಂಬಿದೆ. ಆಮೇಲೆ ದಾನ ತಗೊಳ್ಳುವವರಿಗೆ ಫೋನ್ ಮಾಡಿದರೆ, "ಬೇಡ ಸಾರ್, ಬುಡ ಯಾವುದು ತುದಿ ಯಾವುದು ಗೊತ್ತಾಗಲ್ಲ" ಅಂದರು. ಎರಡು ವರ್ಷದ ಕೂದಲು!

[ಚಿತ್ರ: ಹಂಚಿನ ಮಾಡು]

ಬುಡ, ತುದಿ ಯಾಕೆ ಮುಖ್ಯ? ಹಂಚಿನ ಮನೆಯ ಮಾಡು ನೋಡಿದ್ದೀರಲ್ಲ, ಒಂದರ ಮೇಲೊಂದು ಹಂಚು, ಎಲ್ಲ ಕೆಳಮುಖ. ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳು ಹಾಗೇ ಜೋಡಿಸಿಕೊಂಡಿವೆ, ಬುಡದಿಂದ ತುದಿಯ ಕಡೆಗೆ. ಕೆಲವು ಎಳೆ ತಲೆಕೆಳಗಾದರೆ ಪೊರೆಗೆ ಪೊರೆ ಸಿಕ್ಕಿಕೊಳ್ಳುತ್ತದೆ. ವಿಗ್ ನಾಲ್ಕು ದಿನಕ್ಕೆ ಸಿಕ್ಕುಸಿಕ್ಕಾಗುತ್ತದೆ.

"ಹಾಗಾದ್ರೆ ಬಾಚಣಿಗೆಯಲ್ಲಿ ಬಂದ ಕೂದಲಿಗೆ ಪಾತ್ರೆ, ಪಿನ್ನು ಕೊಡ್ತಾರಲ್ಲ?" ಅಂತ ಕೇಳಬಹುದು. ಅದು ವ್ಯಾಪಾರ. ಕೊಪ್ಪಳದ ಪಕ್ಕದ ಭಾಗ್ಯನಗರ ಈ ವ್ಯಾಪಾರಕ್ಕೇ ಹೆಸರಾದ ಊರು. ಅಲ್ಲಿ ಹೆಂಗಸರು ಕೂತು ಆ ಉಂಡೆಗಳ ಸಿಕ್ಕು ಬಿಡಿಸುತ್ತಾರೆ, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಕಣ್ಣು, ಸೊಂಟ ಎರಡೂ ಸೋಲುವ ಕೆಲಸ. ತಿರುಮಲದಲ್ಲಿ ಕೊಟ್ಟ ಮುಡಿಯೂ ಹರಾಜಾಗಿ ಮಾರುಕಟ್ಟೆಗೇ ಹೋಗುತ್ತದೆ. ಹರಕೆ ಬೇರೆ, ಈ ದಾನ ಬೇರೆ.

ಈಗ ಉದ್ದದ ಮಾತು. ಎಷ್ಟೋ ಕಡೆ 10 ಇಂಚು ಕೇಳುತ್ತಾರೆ, ಕೆಲವರು 12. ಅಂದರೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಮ್ಮಿ ಅರ್ಧ ಇಂಚು. ಲೆಕ್ಕ ನೀವೇ ಹಾಕಿ. ಯಾವ ಎಣ್ಣೆ ಹಚ್ಚಿದರೂ ಈ ಲೆಕ್ಕ ಜಾಸ್ತಿ ಬದಲಾಗುವುದಿಲ್ಲ. ಅಷ್ಟು ಉದ್ದ ಯಾಕೆಂದರೆ, ಕೈಯಲ್ಲಿ ಮಾಡುವ ವಿಗ್‌ನಲ್ಲಿ ಸಣ್ಣ ಕೊಕ್ಕೆ ಸೂಜಿಯಿಂದ ಎಳೆಗಳನ್ನು ಬಲೆಗೆ ಗಂಟು ಹಾಕುತ್ತಾರೆ. ಬುಡವನ್ನು ಮಡಚಿ ಗಂಟು ಹಾಕುವುದರಿಂದ ಒಂದಷ್ಟು ಉದ್ದ ಅಲ್ಲೇ ಹೋಗುತ್ತದೆ. ಒಬ್ಬರ ಜುಟ್ಟಿನಿಂದ ಒಂದು ವಿಗ್ ಆಗುವುದಿಲ್ಲ. ಹಲವರದ್ದು ಸೇರಬೇಕು.

[ಕ್ಲೋಸಪ್: ಜುಟ್ಟು ಕಟ್ಟುವುದು]

ಕತ್ತರಿಸುವ ಹಿಂದಿನ ದಿನ ತಲೆಸ್ನಾನ. ಎಣ್ಣೆ ಬೇಡ, ಅಮ್ಮ ಎಷ್ಟೇ ಹೇಳಲಿ. ಪೂರ್ತಿ ಒಣಗಲಿ. ತೇವ ಉಳಿದರೆ ಕವರಿನೊಳಗೆ ಬೂಸು ಹಿಡಿಯುತ್ತದೆ. ಒಂದೇ ದಪ್ಪ ಜುಟ್ಟಿಗಿಂತ ನಾಲ್ಕೈದು ಸಣ್ಣ ಜುಟ್ಟು ಮಾಡಿ. ಒಂದೇ ಜುಟ್ಟಾದರೆ ಪಕ್ಕದ ಕೂದಲು ಓರೆಯಾಗಿ ಬಂದು ಉದ್ದ ಕಮ್ಮಿಯಾಗುತ್ತದೆ. ಬುಡದಲ್ಲಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ತಲೆಗೂ ಬ್ಯಾಂಡಿಗೂ ನಡುವೆ ಕತ್ತರಿ ಆಡಿಸಿ. ಬ್ಯಾಂಡ್ ಜುಟ್ಟಿನ ಜೊತೆಗೇ ಬರಬೇಕು. ತುದಿಗೂ ಒಂದು ಬ್ಯಾಂಡ್. ಬ್ಲೀಚ್ ಮಾಡಿದ ಕೂದಲು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಮೆಹೆಂದಿ, ನರೆಗೂದಲಿನ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ. ಬೆಳೆಸುವ ಮುಂಚೆಯೇ ಫೋನ್ ಮಾಡಿ ಕೇಳಿ.

ತಲೆ ಬೋಳಿಸಲೇಬೇಕು ಅಂತೇನಿಲ್ಲ. 2019ರಲ್ಲಿ ಕೇರಳದ ತ್ರಿಶೂರ್ ಜಿಲ್ಲೆಯ ಪೊಲೀಸ್ ಅಪರ್ಣಾ ಲವಕುಮಾರ್ ಉದ್ದ ಕೂದಲನ್ನೆಲ್ಲ ಬೋಳಿಸಿ ಕೊಟ್ಟು ಸುದ್ದಿಯಾದರು. ದೊಡ್ಡ ಮನಸ್ಸು. ಆದರೆ ಭುಜದವರೆಗೆ ಬಿಟ್ಟು ಉಳಿದದ್ದು ಕೊಟ್ಟರೂ ದಾನವೇ.

ಪಡೆಯುವವರ ಕಡೆಯಿಂದಲೂ ಸ್ವಲ್ಪ ನೋಡೋಣ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕೋಶಗಳಿಗೆ ಹೊಡೆಯುತ್ತದೆ. ಕೂದಲ ಬುಡದ ಕೋಶಗಳೂ ಅಂಥವೇ. ಹಾಗಾಗಿ ಶುರುವಾಗಿ ಎರಡು ಮೂರು ವಾರಕ್ಕೆ ದಿಂಬಿನ ಮೇಲೆಲ್ಲ ಕೂದಲು. ಎಲ್ಲ ಔಷಧಿಗೂ ಹೀಗಾಗುವುದಿಲ್ಲ. ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಅಷ್ಟು ದಿನಕ್ಕೆ ಒಬ್ಬರಿಗೆ ವಿಗ್ ಬೇಕು, ಇನ್ನೊಬ್ಬರಿಗೆ ತಲೆಗೆ ಕಟ್ಟುವ ಹತ್ತಿ ಬಟ್ಟೆಯೇ ಸಾಕು. ಕಲಬುರಗಿಯ ಬೇಸಿಗೆಯಲ್ಲಿ ವಿಗ್ ಹಾಕಿಕೊಂಡು ಕೂರುವುದು ಸುಲಭ ಅಲ್ಲ, ಅಲ್ವಾ? ಅದಕ್ಕೇ ಪರಿಚಯದವರಿಗೆ ಕ್ಯಾನ್ಸರ್ ಅಂತ ಗೊತ್ತಾದ ತಕ್ಷಣ "ನಿಮಗೋಸ್ಕರ ಕೂದಲು ಬಿಡ್ತೀನಿ" ಅನ್ನಬೇಡಿ. ನೀವು ಇವತ್ತು ಬಿಟ್ಟ ಕೂದಲು ಗೇಣುದ್ದ ಆಗುವಷ್ಟರಲ್ಲಿ ಅವರ ಕೂದಲೇ ಬೆಳೆದಿರಬಹುದು. ಈಗಲೇ ಸಹಾಯ ಮಾಡಬೇಕಾದರೆ ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು ಕೊಡಿ.

[ಜುಟ್ಟುಗಳನ್ನು ಜಿಪ್ ಕವರಿಗೆ ಹಾಕುತ್ತಾ]

ಇವತ್ತು ಮಧ್ಯಾಹ್ನ ಇದು ಪೋಸ್ಟಿಗೆ ಹೋಗುತ್ತದೆ. ಹಳೇ ಕವರ್ ಮಾತ್ರ ಇನ್ನೂ ಬೀರುವಿನಲ್ಲೇ ಇದೆ. ಎಸೆಯೋಕೆ ಮನಸ್ಸು ಬರ್ತಿಲ್ಲ. ಪಾತ್ರೆಯವನು ಬಂದರೆ ಒಂದು ಜರಡಿಯಾದರೂ ಕೊಡ್ತಾನಾ ಅಂತ ಅತ್ತೆ ಕಾಯುತ್ತಿದ್ದಾರೆ.