ಮಳೆಗಾಲದ ಮನೆಗೊಂದು ಬ್ರೆಡ್ ಮೇಕರ್

ತೀರ್ಥಹಳ್ಳಿಯ ನಮ್ಮ ಮನೆಯ ಹೆಂಚಿನ ಮೇಲೆ ಸುರಿಯುತ್ತಿರುವ ಆರಿದ್ರಾ ಮಳೆಯ ನಡುವೆ ನಿಮಗೆ ಕೇಳಿಸುತ್ತಿರುವ ಗುರುಗುರು ಸದ್ದು, ಹಿಟ್ಟು ನಾದುತ್ತಿರುವ ಬ್ರೆಡ್ ಮೇಕರಿನದು. ಇದು ನಮ್ಮ ಎರಡನೆಯ ಯಂತ್ರ.

ಮೊದಲನೆಯದನ್ನು ಕೊಳ್ಳುವಾಗ ನಾನು ಎಣಿಸಿದ್ದು ಮೆನುಗಳನ್ನು ಮಾತ್ರ. ಅದು ಜಾಮ್ ಕೂಡ ಮಾಡುತ್ತಿತ್ತು. ಆದರೆ ಹಿಟ್ಟು ಉಬ್ಬುವ ಹೊತ್ತಿಗೆ ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋದರೆ, ಎರಡೇ ನಿಮಿಷದಲ್ಲಿ ಮರಳಿ ಬಂದರೂ, ತಾನು ಎಲ್ಲಿಯವರೆಗೆ ಬಂದಿದ್ದೆ ಎಂಬುದನ್ನೇ ಮರೆತು ಮೊದಲ ಮೆನುವಿಗೆ ಹೋಗಿ ನಿಲ್ಲುತ್ತಿತ್ತು. "ಮೂರು ಗಂಟೆಯಲ್ಲಿ ಎಷ್ಟು ಅಕ್ಕಿರೊಟ್ಟಿ ತಟ್ಟಬಹುದಿತ್ತು ಗೊತ್ತೇನೇ?" ಎಂದು ಅಮ್ಮ ಕೇಳಿದ್ದಳು.

ಆದ್ದರಿಂದ ಮಲೆನಾಡಿನವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ಕರೆಂಟ್ ಹೋದರೆ ಯಂತ್ರ ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು. ಹಲವು ಮಾದರಿಗಳಲ್ಲಿ ಇದು ಹತ್ತು ನಿಮಿಷದ ಆಸುಪಾಸಿನಲ್ಲಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ; ಕೈಪಿಡಿಯನ್ನು ತೆರೆಸಿಯೇ ನೋಡಿ. ಇನ್ವರ್ಟರನ್ನು ನೆಚ್ಚುವವರು ಇನ್ನೊಂದು ಲೆಕ್ಕ ಹಾಕಬೇಕು. ನಾದುವಾಗ, ಉಬ್ಬಿಸುವಾಗ ಬೇಕಾಗುವ ವಿದ್ಯುತ್ ಕಡಿಮೆ. ಕೊನೆಯಲ್ಲಿ ಒಂದು ಗಂಟೆಯಷ್ಟು ಬೇಯಿಸುವಾಗ ಮಾತ್ರ ಯಂತ್ರ 500ರಿಂದ 600 ವ್ಯಾಟ್‌ವರೆಗೆ ಎಳೆಯುತ್ತದೆ. ಅಮೆರಿಕದ ನೆಂಟರು ಪ್ರೀತಿಯಿಂದ ತಂದುಕೊಡುವ ಯಂತ್ರ 120 ವೋಲ್ಟಿನದಾಗಿದ್ದರೆ ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಬೇಡಿ.

ಬಾಳಿಕೆಯ ಗುಟ್ಟು ಇರುವುದು ಪಾತ್ರೆಯಲ್ಲಿ. ಅದರ ತಳದ ನಡುವೆ ತಿರುಗುವ ದಂಡಕ್ಕೆ ರಬ್ಬರಿನ ಸೀಲ್ ಇರುತ್ತದೆ; ದಂಡದ ತುದಿಗೆ ನಾದುವ ರೆಕ್ಕೆ ಕೂರುತ್ತದೆ. ಸೀಲ್ ಸವೆದರೆ ತಳದಿಂದ ನೀರು ಜಿನುಗುತ್ತದೆ, ಲೋಹದ ಚಮಚದಿಂದ ಕೆರೆದರೆ ನಾನ್‌ಸ್ಟಿಕ್ ಲೇಪ ಏಳುತ್ತದೆ. ಹೀಗಾಗಿ ಪಾತ್ರೆ ಮತ್ತು ರೆಕ್ಕೆ ಬಿಡಿಯಾಗಿ ಸಿಗುತ್ತವೆಯೇ ಎಂದು ಶಿವಮೊಗ್ಗದ ಎರಡು ಅಂಗಡಿಗಳಲ್ಲಿ ವಿಚಾರಿಸಿದೆ. ಒಂದರಲ್ಲಿ "ಅದೆಲ್ಲ ಹಾಳಾಗಲ್ಲ ಮೇಡಂ" ಎಂದರು. ಇನ್ನೊಂದರಲ್ಲಿ ಫೋನ್ ಮಾಡಿ ಬಿಡಿ ಪಾತ್ರೆಯ ಬೆಲೆಯನ್ನೇ ತಿಳಿಸಿದರು. ಯಂತ್ರವನ್ನು ಅಲ್ಲಿಂದಲೇ ತಂದೆ.

ಗಾತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ನಾಲ್ಕು ಜನರಿಗೆ 750 ಗ್ರಾಂ ಬ್ರೆಡ್ಡು ಧಾರಾಳ. ಮುಚ್ಚಳ ಮಾತ್ರ ನಾದುವಾಗಲೂ ತೆರೆಯುವಂತಿರಲಿ. ಏಕೆಂದರೆ ಈ ತಿಂಗಳುಗಳಲ್ಲಿ ಡಬ್ಬಿಯೊಳಗಿನ ಹಿಟ್ಟೂ ಥಂಡಿ ಹೀರಿರುತ್ತದೆ. 350 ಗ್ರಾಂ ಹಿಟ್ಟಿಗೆ ಪುಸ್ತಕದಲ್ಲಿ ಹೇಳಿದಷ್ಟೇ ನೀರು ಹಾಕಿದರೆ ಅದು ಉಂಡೆಯಾಗದೆ ಅಂಚಿಗೆ ಮೆತ್ತಿಕೊಳ್ಳಬಹುದು. ನಾನು ಒಂದು ಚಮಚ ನೀರನ್ನು ಹಿಂದಿಟ್ಟು, ಐದು ನಿಮಿಷ ನಾದಿದ ಮೇಲೆ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಇಗೋ, ಇವತ್ತು ಆ ಚಮಚ ನೀರು ಬೇಕಾಗಲೇ ಇಲ್ಲ.